ಸಬೆಲಾ ಅಮ್ಮನಿಗೆ ಮುಂದಿನ ಸೀಟು

ಶುಕ್ರವಾರ ಬೆಳಿಗ್ಗೆ ದೋಹಾದ ನಜ್ಮಾದಲ್ಲಿದ್ದ ನಮ್ಮ ರೂಮಿನ ಮುಂದೆ ಪಿಕಪ್ ಬಂದು ನಿಂತಾಗ ನಾನು ಸಹಜವಾಗಿಯೇ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ ಶೋವಾನ್ ಕೈ ಅಡ್ಡ ಹಿಡಿದ. "ಇಲ್ಲಿ ಅಮ್ಮ ಕೂತಿದ್ದಾಳೆ. ನೀನು ಹಿಂದೆ ಹತ್ತು, ಪ್ಲೀಸ್," ಎಂದ. ಸೀಟಿನಲ್ಲಿ ಯಾರೂ ಇರಲಿಲ್ಲ. ಬೆಲ್ಟು ಮಾತ್ರ ಎಳೆದು ಬಿಗಿದಿತ್ತು. ಅವನ ಕಥೆ ಮೊದಲೇ ಕೇಳಿದ್ದ ನಾನು ಹಿಂದೆ ಹತ್ತಿ ಸ್ಟೆಪ್ನಿ ಟೈರಿನ ಮೇಲೆ ಕೂತೆ.

ಶೋವಾನ್ ನಮ್ಮ ಸೈಟಿನ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದವನು, ಐವತ್ತು ದಾಟಿದವನು. ಅವನ ತಾಯಿ ಸಬೆಲಾ ತೀರಿಕೊಂಡು ಒಂದು ತಿಂಗಳಾಗಿತ್ತು. ಸೈಟಿನಲ್ಲಿ ಕೆಲಸದ ಒತ್ತಡ, ರಜೆ ಸಿಗದೆ ಮಣ್ಣಿಗೆ ಹೋಗಲಾಗಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಅವರ ಕಡಲಂಚಿನಲ್ಲಿ ತೆಯ್ಷಿದೊ ಎಂಬ ಪುಟ್ಟ ಊರಿದೆ, ಅಲ್ಲಿ ಸಂತ ಆಂದ್ರೆಸನ ಇಗರ್ಜಿ. ಬದುಕಿದ್ದಾಗ ಅಲ್ಲಿಗೆ ಹೋಗದವರು ಸತ್ತ ಮೇಲಾದರೂ ಹೋಗಲೇಬೇಕು, ಹಲ್ಲಿಯಾಗಿಯೋ ಹಾವಾಗಿಯೋ ತೆವಳಿಕೊಂಡು. ಮನೆಯವರು ಆತ್ಮವನ್ನು ಹೆಸರು ಹಿಡಿದು ಕರೆದು ಜೊತೆಗೆ ಕರೆದೊಯ್ದರೆ ಆ ಕಷ್ಟ ತಪ್ಪುತ್ತದೆ. ಬಸ್ಸಿನಲ್ಲಿ ಅವರಿಗೂ ಒಂದು ಟಿಕೆಟ್ ತೆಗೆಸುತ್ತಾರಂತೆ. ಸಬೆಲಾ ಅಮ್ಮ ಹೋಗಿರಲಿಲ್ಲ. ಕರೆದೊಯ್ಯಲು ಇವನೊಬ್ಬನೇ ಮಗ.

"ಅವಳಿಗೆ ಮೊಣಕಾಲು ನೋವು. ಅಷ್ಟು ದೂರ ಹೇಗೆ ತೆವಳುತ್ತಾಳೆ?" ಎಂದು ಅವನು ಊಟ ಬಿಟ್ಟು ಕೂರುತ್ತಿದ್ದ.

ತೆಯ್ಷಿದೊದ ಕಡಲಲ್ಲಿ ಮಗುಚಿದ ದೋಣಿಯಂಥ ಬಂಡೆಯಿದೆ, ಸಂತ ಬಂದಿಳಿದ ದೋಣಿಯೇ ಕಲ್ಲಾದದ್ದು ಎನ್ನುತ್ತಾರೆ. ಅಂಥದೇ ಬಂಡೆಯೊಂದನ್ನು ಶೋವಾನ್ ಕತಾರಿನ ಪಶ್ಚಿಮ ತೀರದ ಝಕ್ರೀತ್‌ನಲ್ಲಿ ನೋಡಿದ್ದ. ಸದ್ಯಕ್ಕೆ ಅಲ್ಲಿಗಾದರೂ ಅಮ್ಮನನ್ನು ಮುಟ್ಟಿಸಿದರೆ ಮುಂದೆ ನೀರಿನ ದಾರಿ ಅವಳೇ ಹಿಡಿಯುತ್ತಾಳೆಂದು ಅವನ ಆಸೆ. ಊರಲ್ಲಿ ಬಚ್ಚಲ ನೀರಿಗೇ ಗಂಗೆ ಎನ್ನುವ ಜನ ನಾವು, ನಾನೇನು ನಗಲಿ?

ದುಖಾನ್ ರಸ್ತೆಯಲ್ಲಿ ಸುಮಾರು ಎಂಬತ್ತು ಕಿಲೋಮೀಟರ್ ದಾರಿ. ಮಾರ್ಚ್ ತಿಂಗಳ ಬಿಸಿಲು ಇನ್ನೂ ಹಿತವಾಗಿತ್ತು. ಹಿಂದೆ ಮುಖ ಮಾಡಿ ಕೂತಿದ್ದರಿಂದ ನನಗೆ ಎಲ್ಲವೂ ದೂರ ಸರಿಯುತ್ತಲೇ ಕಂಡಿತು: ದೋಹಾದ ನೀರಿನ ಟ್ಯಾಂಕುಗಳು, ಖರ್ಜೂರದ ತೋಟಗಳು, ಆಮೇಲೆ ಬರೀ ಬಿಳಿ ಮಣ್ಣು. ಕಣ್ಣು ಮುಚ್ಚಿದ್ದೆನೋ ತೆರೆದಿದ್ದೆನೋ ತಿಳಿಯಲಿಲ್ಲ. ಶಹಾನಿಯಾದಲ್ಲಿ ಚಹಾಕ್ಕೆ ನಿಂತಾಗ ಒಂಟೆಗಳ ಸಾಲೊಂದು ಸದ್ದಿಲ್ಲದೆ ರಸ್ತೆ ದಾಟುತ್ತಿತ್ತು.

ಚಹಾದಂಗಡಿಯವನು ಬಂಟ್ವಾಳದ ಕಡೆಯವನು. "ಮುಂದೆ ಸೀಟು ಖಾಲಿ ಉಂಟಲ್ಲ ಮಾರಾಯ್ರೆ, ಹಿಂದೆ ಯಾಕೆ ಕೂತದ್ದು?" ಎಂದು ಕೇಳಿದ.

"ಅಲ್ಲಿ ಅವರವ್ವ ಕುಂತಾಳ್ರಿ. ತೀರಿಕೊಂಡು ತಿಂಗಳಾತು," ಎಂದೆ.

ಅವನು ಸೀಟನ್ನೊಮ್ಮೆ ನೋಡಿ ಒಳಗೆ ಹೋದ. ಬರುವಾಗ ಕೈಯಲ್ಲಿ ಮೂರು ಚಹಾ. "ನಾವು ಸಹ ಆಟಿ ತಿಂಗಳಲ್ಲಿ ಹೋದವರಿಗೆ ಬಡಿಸ್ತೇವೆ. ಅಮ್ಮನಿಗೆ ಬಿಸಿ ಇರುವಾಗಲೇ ಕೊಡಿ," ಎಂದ. ಶೋವಾನ್‌ಗೆ ಕನ್ನಡ ಬಾರದು, ಆದರೆ ಮೂರನೆಯ ಲೋಟ ಯಾರಿಗೆಂದು ಅವನಿಗೆ ಗೊತ್ತಾಯಿತು. ಅದನ್ನು ಜೋಪಾನವಾಗಿ ಡ್ಯಾಶ್‌ಬೋರ್ಡಿನ ಮೇಲಿಟ್ಟ.

ಊರು ದಾಟಿ ಸ್ವಲ್ಪ ಹೊತ್ತಿಗೆ ಗಾಡಿ ಗಕ್ಕನೆ ನಿಂತಿತು. ರಸ್ತೆಯ ನಡುವೆ ಮುಳ್ಳುಬಾಲದ ದೊಡ್ಡ ಹಲ್ಲಿ, ಇಲ್ಲಿನವರು ದಬ್ಬ್ ಎನ್ನುವ ಪ್ರಾಣಿ. ಶೋವಾನ್ ಇಳಿದು ಟೋಪಿ ತೆಗೆದು ನಿಂತ. ತೆಯ್ಷಿದೊ ದಾರಿಯಲ್ಲಿ ಯಾರೂ ಹಲ್ಲಿಯನ್ನು ತುಳಿಯುವುದಿಲ್ಲ. ಹಿಂದಿನ ಟ್ರಕ್ಕಿನವನು ಹಾರ್ನ್ ಒತ್ತಿ "ಯಲ್ಲಾ, ಯಲ್ಲಾ!" ಎಂದು ಕೂಗಿದ. "ಶ್ವೈ ಶ್ವೈ," ಸ್ವಲ್ಪ ನಿಧಾನ ಎನ್ನುತ್ತಾ ಇವನು ಕೈಮುಗಿದ. ದಬ್ಬ್ ದಾಟಿದ ಮೇಲೆ ನನ್ನತ್ತ ತಿರುಗಿ, "ದಾರಿ ತಪ್ಪಿಲ್ಲ. ವಾಯವ್ಯಕ್ಕೇ, ನಮ್ಮೂರ ಕಡೆಗೇ ಹೊರಟಿದೆ," ಎಂದ.

ಝಕ್ರೀತ್‌ನಲ್ಲಿ ಗಾಳಿ ಕೊರೆದ ಸುಣ್ಣದ ಬಂಡೆಗಳು, ಅವುಗಳಾಚೆ ತೆಳುಹಸಿರು ಕಡಲು. ಎಷ್ಟು ನಿಶ್ಶಬ್ದವೆಂದರೆ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳುತ್ತಿತ್ತು. ಶೋವಾನ್ ಬೆಲ್ಟು ಬಿಚ್ಚಿ, ಕೈ ಚಾಚಿ, ಅಮ್ಮನನ್ನು ಇಳಿಸಿಕೊಂಡ. ಮೊಣಕಾಲು ನೋವಿನವರ ಜೊತೆ ನಡೆಯುವಂತೆ ನಿಂತು ನಿಂತು ನಡೆದ. ಅವರಿಬ್ಬರ ನಡುವೆ ಕಾಲಿಡದಂತೆ ನಾನೂ ಎಚ್ಚರ ವಹಿಸಿದೆ.

ದೋಣಿಬಂಡೆಯ ಬುಡದಲ್ಲಿ ಅವನೊಂದು ಕಲ್ಲಿಟ್ಟ. ತೆಯ್ಷಿದೊಗೆ ಹೋಗುವವರೆಲ್ಲ ದಾರಿಯಲ್ಲಿ ಹೀಗೊಂದು ಕಲ್ಲಿಡುತ್ತಾರೆ; ಯಾರು ಬಂದಿದ್ದರು, ಯಾರು ಬರಲಿಲ್ಲ ಎಂದು ಲೋಕದ ಕಡೆಯ ದಿನ ಆ ಕಲ್ಲುಗಳೇ ಸಾಕ್ಷಿ ಹೇಳುತ್ತವಂತೆ. ಆಮೇಲೆ ಖುಬ್ಸ್ ರೊಟ್ಟಿಯ ಚೂರೊಂದನ್ನು ನೀರಿಗೆಸೆದ. ತೆಯ್ಷಿದೊದ ಬುಗ್ಗೆಯಲ್ಲಿ ರೊಟ್ಟಿ ತೇಲಿದರೆ ಸಂತ ಒಪ್ಪಿದನೆಂದು ಅರ್ಥ. ಇಲ್ಲಿ ಅಲೆಯೊಂದು ಬಂದು ಚೂರನ್ನು ಮುಳುಗಿಸಿಬಿಟ್ಟಿತು. ಶೋವಾನ್‌ನ ಮುಖ ಬಿಳುಚಿತು. "ಒಪ್ಪಲಿಲ್ಲ," ಎಂದ.

ನನಗೆ ಸಂಕಟವಾಯಿತು. "ಎಸೆದವನು ನೀನು. ಯಾತ್ರೆ ಅವಳದಲ್ಲವೇ? ಇನ್ನೊಂದು ಚೂರು ಅಂಗೈಲಿಟ್ಟುಕೊಂಡು ಸುಮ್ಮನೆ ನಿಲ್ಲು, ಅವಳೇ ತೆಗೆದುಕೊಳ್ಳಲಿ," ಎಂದೆ.

ಅವನು ಮೊಣಕಾಲುದ್ದ ನೀರಿಗಿಳಿದು ಅಂಗೈ ಚಾಚಿ ನಿಂತ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆನ್ನ ಹಿಂದಿನಿಂದ ಗಾಳಿ ಎದ್ದು ಚೂರನ್ನು ಮೆಲ್ಲನೆ ಎತ್ತಿತು. ಅದು ನೀರ ಮೇಲೆ ಕೂತು, ತಿರುಗಿ ತಿರುಗಿ, ಕಣ್ಣಿಗೆ ಕಾಣದಷ್ಟು ದೂರ ತೇಲಿಹೋಯಿತು. ಶೋವಾನ್ ದಂಡೆಯಲ್ಲಿ ಕೂತು ಮಗುವಿನಂತೆ ಅತ್ತ.

ನನಗೆ ಅಪ್ಪ ನೆನಪಾದ. ಗುಳೇದಗುಡ್ಡದ ನೇಕಾರ, ಮಗ್ಗದ ಕುಣಿ ಬಿಟ್ಟು ಎಲ್ಲಿಗೂ ಹೋದವನಲ್ಲ. ಫೋನಿನಲ್ಲಿ ಯಾವಾಗಲೂ ಅದೊಂದೇ ಪ್ರಶ್ನೆ: "ಸಮುದ್ರ ಹ್ಯಾಂಗಿರತೈತೋ?" ನಾನು ದೋಹಾಕ್ಕೆ ಬಂದ ಮರುವರ್ಷ ಅವನು ಹೋದ. ಅವನ ಮಣ್ಣಿಗೆ ನಾನೂ ಹೋಗಿರಲಿಲ್ಲ.

"ಖಲಾಸ್. ಅಮ್ಮ ಹೋದಳು. ಮುಂದೆ ಬಂದು ಕೂತ್ಕೋ," ಎಂದ ಶೋವಾನ್. ದಾರಿಯುದ್ದಕ್ಕೂ ಅವನು ಏನೋ ಹಾಡು ಗುನುಗುತ್ತಿದ್ದ. ನಾನು ಅವನಿಗೆ ಅಪ್ಪನ ವಿಷಯ ಹೇಳಿದೆ. ಅವನು ಹೆಸರು ಕೇಳಿದ. "ಈರಪ್ಪ," ಎಂದೆ.

ಶಹಾನಿಯಾದಲ್ಲಿ ಬಂಟ್ವಾಳದವನು ಈ ಸಲ ಎರಡೇ ಚಹಾ ತಂದ. ಮುಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿ, "ಅಮ್ಮ ಇಳಿದ್ರಾ?" ಎಂದ.

"ಇಳಿದ್ರು. ಬರೋ ಶುಕ್ರವಾರ ಮತ್ತ ಮೂರು ಮಾಡ್ರಿ. ನಾ ಹಿಂದ ಕುಂತಿರ್ತೀನಿ, ಇಲ್ಲಿ ನಮ್ಮಪ್ಪ ಬರ್ತಾನ," ಎಂದೆ. "ಅವನ ಚಾಕ್ಕ ಸಕ್ರಿ ಒಂಚೂರು ಜಾಸ್ತಿ ಇರ್ಲಿ."