ಹೊಟ್ಟೇನೇ ತಪ್ಪು

ನಮ್ಮ ಬೀದಿಯ ಗಣಿತದ ಮೇಷ್ಟ್ರು ತೂಕ ಇಳಿಸಲು ಹೊರಟ ಮೇಲೆ, ತಿಂದ ಪ್ರತಿ ತುತ್ತಿನ ಕ್ಯಾಲೊರಿಯನ್ನೂ ಫೋನಿನಲ್ಲಿ ಹಾಕಿ ಕೂಡಿಸುತ್ತಿದ್ದರು. ಗಾಂಧಿ ಬಜಾರಿನಲ್ಲಿ ಅಂಗಡಿಯವರು ರುಚಿ ನೋಡಿ ಎಂದು ನಾಲ್ಕು ಹುರಿಗಡಲೆ ಕೊಟ್ಟರೂ ಮೊದಲು ಕನ್ನಡಕ ಏರುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು. ತಿಂಗಳುಗಳು ಕಳೆದರೂ ಬೆಲ್ಟಿನ ತೂತು ಮಾತ್ರ ಬದಲಾಗಲಿಲ್ಲ. ಕೇಳಿದರೆ, "ಲೆಕ್ಕ ಸರಿ ಇದೆ ಮಾರಾಯ, ಹೊಟ್ಟೇನೇ ತಪ್ಪು" ಎನ್ನುತ್ತಾ, ಲೆಕ್ಕ ಬಾರದ ಶಿಷ್ಯನ ಬೆನ್ನು ತಟ್ಟುವಂತೆ ಹೊಟ್ಟೆಯನ್ನು ಮೆಲ್ಲಗೆ ತಟ್ಟುತ್ತಿದ್ದರು.

ಒಮ್ಮೆ ಭದ್ರಾವತಿಯಲ್ಲಿರುವ ಅವರ ಅಕ್ಕನ ಮನೆಗೆ ನಾನೂ ಜೊತೆಯಲ್ಲಿ ಹೋಗಿದ್ದೆ. ಅಕ್ಕ ಅರಿಶಿನ ಎಲೆಯಲ್ಲಿ ಕಾಯಿಬೆಲ್ಲದ ಕಡುಬು ಬೇಯಿಸಿದ್ದರು. ಎಷ್ಟು ಹುಡುಕಿದರೂ ಆ ಕಡುಬು ಫೋನಿನಲ್ಲಿ ಸಿಗಲಿಲ್ಲ. ಮೇಷ್ಟ್ರು ಅದನ್ನು ಇಡ್ಲಿ ಎಂದು ಬರೆದುಕೊಂಡು, ನೆಮ್ಮದಿಯಾಗಿ ತಿಂದರು.

"ಇನ್ನೊಂದು ಹಾಕ್ಲೇನೋ? ಹಸಿವಿದ್ಯಾ?" ಎಂದರು ಅಕ್ಕ.

ಮೇಷ್ಟ್ರು ಫೋನು ನೋಡಿದರು.

"ಅದನ್ನಲ್ಲ, ನಾನು ಕೇಳಿದ್ದು ನಿನ್ನನ್ನ ಕಣೋ."

ಬೆರಳು ಅಲ್ಲೇ ನಿಂತಿತು. ಮೇಷ್ಟ್ರು ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದರು.

"ಇಲ್ಲಕ್ಕ, ತುಂಬಿದೆ" ಎಂದರು, ತಮಗೇ ಆಶ್ಚರ್ಯವಾದವರಂತೆ.

ಫೋನಿನ ಆ ದಿನದ ಲೆಕ್ಕದಲ್ಲಿ ಮಾತ್ರ ಇನ್ನೂ ಎರಡು ಇಡ್ಲಿಗೆ ಜಾಗವಿತ್ತು.