ಅಪ್ಪನ ಭಾಷಣಕ್ಕೊಂದು ಹ್ಞೂಂ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಮಂತ್ರಿಯಾಗಿದ್ದ ಹಿರಿಯರೊಬ್ಬರೆಂದರೆ ಅಪ್ಪನಿಗೆ ಹುಚ್ಚು. ವಕೀಲಿಕೆ, ಗಣಿತ, ನಕ್ಷತ್ರ, ಸಂಗೀತ, ತೋಟಗಾರಿಕೆ, ಅವರಿಗೆ ಬಾರದ ವಿದ್ಯೆಯೇ ಇರಲಿಲ್ಲವಂತೆ. ದೇವರಾಯಸಮುದ್ರದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ಪ್ರತಿ ವರ್ಷ ಅವರ ಜಯಂತಿಗೆ ಅದೇ ಭಾಷಣ ಮಾಡುತ್ತಿದ್ದರು. ನಿವೃತ್ತರಾದ ಮೇಲೂ ಊರಿನವರು ಬಿಡಲಿಲ್ಲ. ನನಗಂತೂ ಸ್ವಂತ ಚಿಕ್ಕಪ್ಪನಿಗಿಂತ ಆ ಮಹಾನುಭಾವರ ಬಾಲ್ಯವೇ ಚೆನ್ನಾಗಿ ಗೊತ್ತು.

ಹೋದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಮಾತ್ರ ನಡುನಡುವೆ ಕೈಕೊಡುತ್ತಿತ್ತು. ಅಮ್ಮ ಒಂದು ಉಪಾಯ ಕಂಡುಕೊಂಡಳು. ನಮ್ಮ ಕಡೆ ಕಥೆ ಹೇಳುವವರ ಎದುರು ಯಾರಾದರೂ ಹ್ಞೂಂಗುಟ್ಟುತ್ತ ಕೂರಬೇಕು. ಹಾಗೆ ಅವಳು ಒಂದೊಂದು ವಾಕ್ಯಕ್ಕೂ ‘ಹ್ಞೂಂ’ ಅಂದರೆ ಅಪ್ಪ ಮುಂದೆ ಹೋಗುತ್ತಿದ್ದರು. ಹ್ಞೂಂ ತಪ್ಪಿತೋ, ಎಲ್ಲಿದ್ದೆನೆಂಬುದೇ ಮರೆತು ಮತ್ತೆ ಮೊದಲಿಂದ ಶುರು: ‘ಅವರು ಹುಟ್ಟಿದ್ದು ಒಂದು ಬಡ ಕುಟುಂಬದಲ್ಲಿ.’

“ಈ ಸಲದ ಜಯಂತಿಗೆ ಭಾಷಣ ಬೇಡಪ್ಪಾ,” ಎಂದೆ.

“ಸುಮ್ನಿರಮ್ಮಾ, ಹೋಗ್ತೀನಿ. ನಾನ್ ಹೇಳ್ದಿದ್ರೆ ಇನ್ಯಾರ್ ಹೇಳ್ತಾರೆ?”

ಜಯಂತಿಯ ದಿನ ಅಮ್ಮನಿಗೆ ಜ್ವರ. ಹ್ಞೂಂ ಅನ್ನಲು ನಾನೇ ಹೋಗಿ ಸಭೆಯ ಮೊದಲ ಸಾಲಿನಲ್ಲಿ ಕೂತೆ. ಹಿಂದೆ ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು. ಅಪ್ಪ ತಡವರಿಸಿದರೆ ಸಂಜೆಯೊಳಗೆ ಇಡೀ ಮುಳಬಾಗಿಲು ತಾಲ್ಲೂಕೇ ನೋಡಿ ನಗುತ್ತದೆ. ಆ ಮೊಬೈಲುಗಳನ್ನೆಲ್ಲ ಕಿತ್ತು ಕೆರೆಗೆ ಎಸೆಯುವಷ್ಟು ಸಿಟ್ಟು ಬಂತು.

“ಅವರು ಹುಟ್ಟಿದ್ದು ಒಂದು ಬಡ ಕುಟುಂಬದಲ್ಲಿ,” ಎಂದರು ಅಪ್ಪ. ಮೇಷ್ಟ್ರ ಮೇಲಿನ ಗೌರವಕ್ಕೆ ಸಭೆ ಗಪ್‌ಚಿಪ್ಪಾಗಿತ್ತು. ಆ ಗೌರವವೇ ಮುಳುವಾಯಿತು. ಅಪ್ಪ ಹ್ಞೂಂಗೆ ಕಾದರು, ಮತ್ತೆ ಅದೇ ವಾಕ್ಯ ಹೇಳಿದರು. ಹ್ಞೂಂ ಅನ್ನಲು ಹೋದೆ, ನಾಚಿಕೆ ಬಿಡಲಿಲ್ಲ. ಅಪ್ಪ ಮೂರನೇ ಸಲ ಬಾಯಿ ತೆರೆದಾಗ ನಾಚಿಕೆ ಹಾಳಾಗಿ ಹೋಗಲಿ ಎಂದು ಜೋರಾಗಿಯೇ “ಹ್ಞೂಂ!” ಎಂದೆ. ವೇದಿಕೆಯ ಮೇಲಿದ್ದ ಮುಖ್ಯ ಅತಿಥಿ ನನ್ನನ್ನು ದುರುಗುಟ್ಟಿ ನೋಡಿದರು.

ಆದರೆ ಅಪ್ಪ ಮುಂದೆ ಸಾಗಿದರು. ಇನ್ನೊಂದು ವಾಕ್ಯ, ಇನ್ನೊಂದು ಹ್ಞೂಂ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ, “ಊಂ, ಚೆಪ್ಪಂಡಿ ಸಾರ್,” ಎಂದು ಮುಂದೆ ಹೇಳುವಂತೆ ತೆಲುಗಿನಲ್ಲೇ ಹುರಿದುಂಬಿಸಿದಳು. ಆಮೇಲೆ ಎಲ್ಲರೂ ಹ್ಞೂಂಗುಟ್ಟತೊಡಗಿದರು. ಓದು, ಜೈಲು, ನಕ್ಷತ್ರಗಳು, ಮಂತ್ರಿ ಪದವಿ, ಒಂದೂ ಬಿಟ್ಟುಹೋಗಲಿಲ್ಲ. ಅಪ್ಪನ ದನಿ ತರಗತಿಯಲ್ಲಿ ಇದ್ದಂತೆಯೇ ಆಯಿತು.

“ಕೊನೆಗೆ ಒಂದು ಮುಂಜಾನೆ ಅವರು ತೀರಿಕೊಂಡರು.”

ಸಾವಿಗೆ ಹ್ಞೂಂ ಅನ್ನುವುದು ಹೇಗೆ? ಯಾರೂ ಬಾಯಿ ಬಿಡಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ಅಪ್ಪ ನನ್ನತ್ತ ನೋಡಿದರು. ಭಾಷಣ ಮುಗಿದಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

“ಅವರು ಹುಟ್ಟಿದ್ದು,” ಎಂದರು ಅಪ್ಪ, “ಒಂದು ಬಡ ಕುಟುಂಬದಲ್ಲಿ.”

ಈಗ ನಗುತ್ತಾರೆ ಎಂದು ತಲೆ ತಗ್ಗಿಸಿ ಕೂತೆ. ಇಡೀ ಸಭೆ ಈಗಷ್ಟೇ ಮೊದಲ ಸಲ ಕೇಳುತ್ತಿರುವ ಹಾಗೆ “ಹ್ಞೂಂ” ಎಂದಿತು.