ಸ್ವವಿಮರ್ಶೆಯ ಅರ್ಧ ಗಂಟೆ

ಮೊನ್ನೆ ಪಲ್ಲವಿ ಕಾಲೇಜಿನಿಂದ ಬಂದವಳೇ ಅಡುಗೆಮನೆಯಲ್ಲಿ ಹಳೆಯ ಪಾತ್ರೆ ಹುಡುಕತೊಡಗಿದಳು. ಅವರ ವಿದ್ಯಾರ್ಥಿ ಸಂಘದ ಪೋಸ್ಟರ್ ಅಂಟಿಸಲು ಮೈದಾ ಗೋಂದು ಬೇಕಂತೆ. "ಅಜ್ಜಿ, ನಿಂಗೆ ಮಾಡೋಕೆ ಬರತ್ತಾ?" ಎಂದಳು. ನನಗೆ ನಗು ಬಂತು. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಗಂಟಾಗದಂತೆ ಕೈಯಾಡಿಸುತ್ತಾ ಕುದಿಸಿ, ಹುಳ ಹತ್ತದಿರಲಿ ಎಂದು ಕೊನೆಗೆ ಚಿಟಿಕೆ ಮೈಲುತುತ್ತ ಹಾಕಬೇಕು. ಎಂಟು ವರ್ಷ ಆ ಕೆಲಸ ಮಾಡಿದವಳು ನಾನು. ಕ್ರಾಂತಿಗೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ, ಗಂಟಿಲ್ಲದ ಗೋಂದು ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಆ ಹಸಿ ಹಿಟ್ಟು ಬೇಯುವ ವಾಸನೆ ಮೂಗಿಗೆ ಬಡಿದಾಗ ನೆನಪಾದದ್ದು ಗೋಡೆಗಳಲ್ಲ, ಮೆರವಣಿಗೆಗಳೂ ಅಲ್ಲ. ನೆನಪಾದವಳು ಕೆಸರೆಯ ಪುಟ್ಟಮ್ಮ.

ಅವಳ ವಿಷಯ ನಿಮಗೆ ಯಾರಿಗೂ ಹೇಳಿಲ್ಲ ಮಕ್ಕಳೇ. ಬಾಯಲ್ಲಿ ಹೇಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಚಿಕ್ಕಂದಿನಿಂದಲೂ ಹೀಗೆಯೇ. ಹಳ್ಳಿ ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ದನಿ ಗುರುಗಳ ಮೇಜಿನವರೆಗೆ ಹೋಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲೇ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಏಳನೇ ಕ್ಲಾಸು ಹೇಗೆ ಪಾಸಾದೆನೋ ನನಗೇ ಆಶ್ಚರ್ಯ.

ನಿಮ್ಮ ತಾತ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಊದುಬತ್ತಿ ಹೊಸೆಯುವ ಹೆಂಗಸರ ಸಂಘದ ಕರಪತ್ರಗಳನ್ನೆಲ್ಲ ಅಚ್ಚು ಮಾಡಿಸುತ್ತಿದ್ದವರು ಅವರೇ. ಉದಯಗಿರಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಸಂಘದ ಸಭೆ ಸೇರುತ್ತಿತ್ತು. ತಾತ ಹೋದಮೇಲೂ ಸಭೆ ನಿಲ್ಲಲಿಲ್ಲ. ಸಂಘಕ್ಕೆ ಹಿರಿಯರೆಂದರೆ ಮೇಷ್ಟ್ರು. ಸರಸ್ವತಿಪುರಂನವರು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ತಾತನ ಕೊನೆಯ ಹದಿನೈದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದವರು ಅವರು. ಕರ್ಮಾಂತರದ ದಿನ ನಮ್ಮ ಕಡೆಯ ಹೆಂಗಸರು ಬಳೆ ತೆಗೆಸಲು ಬಂದಾಗ, "ಆಕೆಗೆ ಇಷ್ಟ ಇದ್ರೆ ತೆಗೀಲಿ, ಇಲ್ದಿದ್ರೆ ಯಾರೂ ಮುಟ್ಟಬೇಡಿ" ಎಂದು ಬಾಗಿಲಲ್ಲಿ ನಿಂತವರೂ ಅವರೇ. ನೆಂಟರ ಮದುವೆಗಳಲ್ಲಿ ನಾನು ಒಳಗಿನ ಕೋಣೆಯಲ್ಲಿ ಕೂರುತ್ತಿದ್ದ ಕಾಲ ಅದು. ಈ ಸಭೆಯಲ್ಲಿ ಮಾತ್ರ "ಬನ್ನಿ ಅಕ್ಕ, ಇಲ್ಲಿ ಕೂತ್ಕಳಿ" ಎಂದು ಚಾಪೆಯ ನಡುವೆ ಜಾಗ ಬಿಡುತ್ತಿದ್ದರು. ಆ ಜಾಗ ನನಗೆ ಎಷ್ಟು ದೊಡ್ಡದಾಗಿತ್ತೆಂದು ಈಗ ಹೇಳಿದರೆ ನಿಮಗೆ ಅತಿ ಅನ್ನಿಸಬಹುದು.

ಸಂಘದಲ್ಲಿ ಒಂದು ಪದ್ಧತಿ ಇತ್ತು. ತಿಂಗಳ ಸಭೆಯ ಮೊದಲ ಅರ್ಧ ಗಂಟೆ ಸ್ವವಿಮರ್ಶೆ. ಪ್ರತಿಯೊಬ್ಬರೂ ಆ ತಿಂಗಳ ತಮ್ಮ ತಪ್ಪನ್ನು ತಾವೇ ಹೇಳಬೇಕು. ಬೇರೆಯವರ ತಪ್ಪಿನ ಮಾತು ಆ ಅರ್ಧ ಗಂಟೆಯಲ್ಲಿ ಬರಕೂಡದು. ಮೇಷ್ಟ್ರು ಸಿಗರೇಟು ಬಿಡಲಾಗಲಿಲ್ಲ ಎನ್ನುತ್ತಿದ್ದರು. ಒಬ್ಬಳು ಮಗನಿಗೆ ಹೊಡೆದೆ ಎನ್ನುತ್ತಿದ್ದಳು. ನನ್ನ ಸರದಿ ಬಂದಾಗ ನಾನು ತಲೆ ತಗ್ಗಿಸಿ, "ಈ ತಿಂಗಳು ಟೀ ಸ್ವಲ್ಪ ನೀರಾಗಿತ್ತು" ಎನ್ನುತ್ತಿದ್ದೆ. "ಸ್ವಲ್ಪ ಅಲ್ಲ ಕಣಕ್ಕ!" ಎಂದು ಪುಟ್ಟಮ್ಮ ಕೂಗಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮೇಷ್ಟ್ರು ಮಾತ್ರ ನಗದೆ ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಹೆಂಗಸರು ಮನೆಯಲ್ಲಿ ಕೂತು ಹೊಸೆದು ತಂದ ಬತ್ತಿಯಲ್ಲಿ ಅರ್ಧದಷ್ಟನ್ನು ಸೊಟ್ಟ, ದಪ್ಪ ಎಂದು ಮಾಲೀಕರ ಕಡೆಯವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಾಗೆಂದು ಹಿಂದಿರುಗಿಸುತ್ತಲೂ ಇರಲಿಲ್ಲ. ಇದು ನಿಲ್ಲುವವರೆಗೆ ಒಂದು ಸೋಮವಾರದಿಂದ ಯಾರೂ ಮಾಲೀಕರ ಗೋಡೌನಿನಿಂದ ಕಡ್ಡಿ, ಹಿಟ್ಟು ತರುವುದು ಬೇಡ ಎಂದು ಸಂಘ ಗುಟ್ಟಾಗಿ ತೀರ್ಮಾನಿಸಿತು. ಮುಂದೆ ನಿಂತವಳು ನಮ್ಮ ಪಕ್ಕದ ಬೀದಿಯ ಶಮೀಮ್. ಅವಳ ಹೆಸರು ಹೊರಗೆ ಹೋಗಬಾರದು ಎಂದು ಮಾತಾಗಿತ್ತು.

ಆ ಸೋಮವಾರಕ್ಕೆ ಮೂರು ದಿನ ಮೊದಲು ಮೇಷ್ಟ್ರು ನಮ್ಮ ಮನೆಗೆ ಬಂದರು. ಸಂಘದ ಕೆಲಸಕ್ಕೆ ನಮ್ಮ ಮನೆಯ ಫೋನನ್ನೇ ಬಳಸುವುದು ಅವರ ರೂಢಿ. ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ. ಮಾಲೀಕರ ಮ್ಯಾನೇಜರು ಅವರ ಹಳೆಯ ವಿದ್ಯಾರ್ಥಿಯಂತೆ, ಅವನಿಗೆ ಫೋನು ಮಾಡಿದರು. "ಜಗಳ ಯಾಕಯ್ಯಾ, ಕೂತು ಮಾತಾಡಿ. ಒಳ್ಳೇ ಹೆಣ್ಮಕ್ಳು ಕಣೋ. ಶಮೀಮ್ ಅಂತ ಒಬ್ರಿದಾರೆ, ಆಕೆ ಒಂದು ಮಾತು ಹೇಳಿದ್ರೆ ಇಡೀ ಬೀದಿ ಕೇಳತ್ತೆ. ಆಕೇನ ಕರ್ದು ಮಾತಾಡ್ಸು" ಎಂದರು. ಆ ದನಿಯಲ್ಲಿ ಮೋಸ ಇರಲಿಲ್ಲ, ಹೆಮ್ಮೆ ಇತ್ತು. ಮರುದಿನ ಶಮೀಮ್ ಹಿಂದಿನ ಬತ್ತಿ ಒಪ್ಪಿಸಲು ಗೋಡೌನಿಗೆ ಹೋದಾಗ, "ನಿನಗೆ ಇನ್ನು ಇಲ್ಲಿ ಕೆಲಸ ಇಲ್ಲ" ಎಂದು ಹೊರಗೆ ಕಳಿಸಿದರು. ಅವಳ ಓಣಿಯ ಇನ್ನಿಬ್ಬರಿಗೂ ಹಾಗೇ ಆಯಿತು. ಉಳಿದವರು ಹೆದರಿದರು. ಸೋಮವಾರ ಎಂದಿನಂತೆ ಎಲ್ಲರೂ ಕಡ್ಡಿ ತಂದರು.

ಆ ವಾರ ತುರ್ತಾಗಿ ಸೇರಿದ ಸಭೆಯಲ್ಲಿ ಶಮೀಮ್ ಕೂರಲೇ ಇಲ್ಲ. ನಿಂತುಕೊಂಡೇ ಪುಟ್ಟಮ್ಮನ ಕಡೆ ತಿರುಗಿದಳು. "ನಿನ್ ತಮ್ಮ ಅವ್ರ ಗೋಡೌನಲ್ಲೇ ಮೂಟೆ ಹೊರೋದಲ್ವೇನೇ? ನೀನಲ್ದೆ ಇನ್ಯಾರೇ ಹೇಳ್ತಾರೆ ನನ್ ಹೆಸ್ರು?"

"ಅವನ್ ತಾವ ನಾನ್ ಮಾತಾಡಿ ವರ್ಸ ಆಯ್ತು ಕಣವ್ವ! ನಿನ್ ಮಗೂಗೆ ಜ್ವರ ಬಂದಾಗ ನಿನ್ ಪಾಲಿನ್ ಬತ್ತೀನೂ ಕೂತ್ಕಂಡ್ ಹೊಸ್ದವ್ಳು ನಾನು. ನಿನ್ ಕೆಲ್ಸ ಕಿತ್ಕತೀನಾ?"

ಮೇಷ್ಟ್ರು ಇಬ್ಬರನ್ನೂ ಸಮಾಧಾನ ಮಾಡಿದರು. ಯಾರನ್ನೂ ಬೆರಳು ಮಾಡಿ ತೋರಿಸುವುದು ಬೇಡ ಎಂದರು. ಕೊನೆಗೆ, "ವಿಷಯ ತಣ್ಣಗಾಗೋವರೆಗೂ ಪುಟ್ಟಮ್ಮನವರು ಸಭೆಗೆ ಬರದೇ ಇರೋದು ಎಲ್ಲರಿಗೂ ಒಳ್ಳೇದು" ಎಂದರು. ತಮ್ಮ ಫೋನಿನ ಮಾತಿಗೂ ಇದಕ್ಕೂ ಸಂಬಂಧವಿದೆ ಎಂದು ಆಗ ಅವರಿಗೆ ಹೊಳೆದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನನಗಂತೂ ಹೊಳೆದಿತ್ತು. ಪುಟ್ಟಮ್ಮ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದಳು. ನಾನು ಟೀ ಲೋಟಗಳನ್ನು ಜೋಡಿಸುತ್ತಿದ್ದೆ.

ಆಮೇಲೆ ನಾಲ್ಕು ವಾರ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಆಸ್ಪತ್ರೆಯ ಬೆಂಚು ಮರೆಯಲೇ? ಮೇಷ್ಟ್ರು ಹೋದರೆ ಸಂಘ ಎಲ್ಲಿ ಉಳಿಯುತ್ತದೆ? ಇನ್ನೊಬ್ಬರ ಫೋನಿನ ಮಾತು ಕೇಳಿಸಿಕೊಂಡದ್ದೇ ತಪ್ಪಲ್ಲವೇ? ಎಲ್ಲವೂ ಒಳ್ಳೆಯ ವಾದಗಳೇ. ತಳದಲ್ಲಿದ್ದದ್ದು ಮಾತ್ರ ಒಂದೇ ಭಯ. ಹೇಳಿದರೆ ನನಗೆ ಆ ಚಾಪೆಯ ಮೇಲೆ ಜಾಗ ಇರುವುದಿಲ್ಲ. ಪುಟ್ಟಮ್ಮನ ಜಾಗ ಆಗಲೇ ಹೋಗಿತ್ತು ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಲು ನನಗೆ ಒಂದು ತಿಂಗಳು ಬೇಕಾಯಿತು.

ಮುಂದಿನ ತಿಂಗಳ ಸ್ವವಿಮರ್ಶೆ ಬಂತು. ಸರದಿ ನನ್ನ ಹತ್ತಿರ ಬಂದಾಗ ಯಾರೋ, "ಅಕ್ಕಂದು ಟೀ ಅಂತ ಬರ್ಕಳಿ ಮೇಷ್ಟ್ರೇ" ಎಂದರು. ನಾನು, "ಟೀ ಅಲ್ಲ" ಎಂದೆ. "ಶಮೀಮ್ ಹೆಸ್ರು ಹೇಳಿದ್ದು ಪುಟ್ಟಮ್ಮ ಅಲ್ಲ. ಅದು ಹೋಗಿದ್ದು ಈ ಮನೆ ಫೋನಿಂದ. ನಾನು ಕೇಳಿಸ್ಕೊಂಡಿದ್ದೆ. ಗೊತ್ತಿದ್ದೂ ಸುಮ್ನಿದ್ದೆ. ಇದು ನನ್ನ ತಪ್ಪು." ಬೇರೆಯವರ ತಪ್ಪು ಎತ್ತಬಾರದೆಂಬ ನಿಯಮ ಇತ್ತಲ್ಲ, ಮೇಷ್ಟ್ರ ಹೆಸರು ನಾನು ಎತ್ತಲಿಲ್ಲ. ನಿಯಮ ಇರದಿದ್ದರೂ ಎತ್ತುತ್ತಿದ್ದೆನೋ ಇಲ್ಲವೋ.

ಶಮೀಮ್ ನಿಧಾನವಾಗಿ ಕೇಳಿದಳು. "ಮೇಷ್ಟ್ರೇ, ಈ ಮನೇಲಿ ಫೋನ್ ಮಾಡೋದು ನೀವೊಬ್ರೇ ಅಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೌದಮ್ಮ. ನಾನೇ" ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಆದರೆ ಮಾತು ಅವರ ವೃತ್ತಿ. ಮುಕ್ಕಾಲು ಗಂಟೆ ಮಾತಾಡಿದರು. ಮೊದಲು ತಪ್ಪು ಅವರದಾಗಿತ್ತು, ಸ್ವಲ್ಪ ಹೊತ್ತಿಗೆ ಅದು ನಮ್ಮೆಲ್ಲರದಾಯಿತು, ಕೊನೆಕೊನೆಗೆ ಪರಿಸ್ಥಿತಿಯದಾಯಿತು. ಪುಟ್ಟಮ್ಮನಿಗೆ ಸಂಘದಿಂದ ಒಂದು ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಪುಟ್ಟಮ್ಮನಿಗೆ ಓದಲು ಬರುತ್ತಿರಲಿಲ್ಲ.

ಪತ್ರ ತೆಗೆದುಕೊಂಡು ಕೆಸರೆಗೆ ಹೋದವರು ಶಮೀಮ್ ಮತ್ತು ನಾನು. ಪುಟ್ಟಮ್ಮ ಹಲಗೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು, ಮೊಣಕೈವರೆಗೂ ಇದ್ದಿಲ ಹಿಟ್ಟಿನ ಮಸಿ. ಶಮೀಮ್ ಹೋದವಳೇ ಅವಳ ಆ ಕೈಗಳನ್ನು ಹಿಡಿದುಕೊಂಡು, "ತಪ್ಪಾಯ್ತು ಕಣೇ" ಎಂದು ಅತ್ತಳು. "ಬುಡು ಬುಡು, ನಿನ್ ಸೀರೆ ಎಲ್ಲಾ ಮಸಿ ಆಯ್ತದೆ" ಎಂದು ಪುಟ್ಟಮ್ಮ ಬೈದಳು. ನಾನು ಪತ್ರ ಓದಿ ಹೇಳಿದೆ. ಅವಳು ಕೇಳಿಸಿಕೊಂಡಳು, ಕಾಫಿ ಕೊಟ್ಟಳು. ಮತ್ತೆ ಸಭೆಗೆ ಬಾ ಎಂದಾಗ ನನ್ನ ಕಡೆ ನೋಡಿದಳು.

"ಬರಕಿಲ್ಲ ಕಣಕ್ಕ. ಮೇಷ್ಟ್ರು ಮ್ಯಾಲೆ ನಂಗ್ ಕ್ವಾಪ ಇಲ್ಲ. ಇವ್ಳ್ ಮ್ಯಾಲೂ ಇಲ್ಲ. ಅವತ್ತು ಎಲ್ರೂ ನನ್ ಮುಖ ನೋಡ್ತಾ ಇದ್ರು, ನೀವೊಬ್ರು ಲೋಟ ನೋಡ್ತಾ ಇದ್ರಿ. ಅವಾಗ್ಲೇ ಅನ್ಕಂಡೆ, ಅಕ್ಕಂಗೆ ಏನೋ ಗೊತ್ತದೆ ಅಂತ. ಇವತ್ ಯೋಳ್ತಾರೆ, ನಾಳಿಕ್ ಯೋಳ್ತಾರೆ ಅಂತ ನಾಕ್ ವಾರ ಕಾದೆ."

ಅವಳು ಬರಲಿಲ್ಲ. ನಾನು ಆಮೇಲೂ ಆರು ವರ್ಷ ಸಂಘದಲ್ಲಿದ್ದೆ. ಮೇಷ್ಟ್ರು ನಮ್ಮ ಮನೆಗೆ ಬರುವುದು ನಿಲ್ಲಿಸಲಿಲ್ಲ, ನನ್ನನ್ನು ಮಾತಾಡಿಸುವುದನ್ನೂ ಬಿಡಲಿಲ್ಲ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಚಾಪೆಯ ಮೇಲೆ ನನ್ನ ಜಾಗ ಇತ್ತು. ಅದರ ಪಕ್ಕದ ಜಾಗ ಖಾಲಿ ಇತ್ತು, ಅಷ್ಟೇ.

ಇಷ್ಟು ಬರೆದು ನಿನ್ನೆ ಪಲ್ಲವಿಗೆ ಓದಲು ಕೊಟ್ಟೆ. ನಾನು ಧೈರ್ಯ ಮಾಡಿ ಸಭೆಯಲ್ಲಿ ಮಾತಾಡಿದ ಭಾಗ ಅವಳಿಗೆ ಇಷ್ಟವಾಗುತ್ತದೆ ಎಂದು ಒಳಗೊಳಗೇ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ಓದಿ ಮುಗಿಸಿ, "ಅಜ್ಜಿ, ಶಮೀಮ್ ಅಜ್ಜಿ ತಪ್ಪಾಯ್ತು ಅಂದ್ರು. ನೀನು ಏನಂದೆ?" ಎಂದಳು.

ನಾನು ಪತ್ರ ಓದಿದ್ದೆ. ಕಾಫಿ ಕುಡಿದಿದ್ದೆ. ಸಭೆಗೆ ಬಾ ಎಂದಿದ್ದೆ. ತಪ್ಪಾಯ್ತು ಎಂದು ಇಪ್ಪತ್ತು ಜನರ ಮುಂದೆ ಒಪ್ಪಿಕೊಂಡಿದ್ದೆ, ಅದು ಪುಸ್ತಕದಲ್ಲೂ ದಾಖಲಾಗಿತ್ತು. ಯಾರಿಗೆ ಅನ್ಯಾಯವಾಗಿತ್ತೋ ಅವಳಿಗೆ ಮಾತ್ರ ಆ ಮಾತು ಹೇಳಿರಲಿಲ್ಲ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಪುಟ್ಟಮ್ಮ ಈಗಲೂ ಕೆಸರೆಯಲ್ಲೇ ಮಗಳ ಜೊತೆ ಇದ್ದಾಳೆ ಎಂದು, ಫೋನು ಮಾಡಿ ಕೇಳಿದಾಗ ಶಮೀಮ್ ಹೇಳಿದಳು. ಇವತ್ತು ತಿಂಡಿ ಮುಗಿಸಿ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ಪಲ್ಲವಿ ತಾನೂ ಬರುತ್ತೇನೆಂದು ಹೊರಟು ನಿಂತಿದ್ದಾಳೆ. ಬೇಡ ಕಣಮ್ಮ ಎಂದಿದ್ದೇನೆ. ನೀನು ಪಕ್ಕದಲ್ಲಿದ್ದರೆ ಆ ಮಾತನ್ನು ನಿನ್ನ ಬಾಯಿಂದಲೇ ಆಡಿಸಿಬಿಡುತ್ತೇನೆ.